ಖೂನ

ಈ ಮಾಗಿಯಲ್ಲಿ ಊರಿಗೆ ಹೋದಾಗ ಒಂದು ಸಂಜೆ ಆಲೆಮನೆಯ ಒಲೆ ಮುಂದೆ ಕೂತಿದ್ದೆವು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ತಮ್ಮನ ಮಗನಿಗೆ ಅವತ್ತೇ ಕೆಲಸದ ಆದೇಶ ಬಂದಿತ್ತು, ಇಂಡಿ ತಾಲ್ಲೂಕಿಗೆ. ಸಿಹಿ ಹಂಚಬೇಕಾದ ಹುಡುಗ ಮುಖ ಇಳಿಬಿಟ್ಟುಕೊಂಡು, ‘ದೊಡ್ಡಪ್ಪ, ಅದು ಭೀಮಾತೀರ ಅಲ್ವಾ? ಬರೀ ಕೊಲೆ ಅಂತಾರೆ’ ಅಂದ. ‘ಒಲೆಗೆ ಇನ್ನೊಂದು ಹಿಡಿ ರಚ್ಚು ಹಾಕು, ಹೇಳ್ತೀನಿ’ ಅಂದೆ.

ನಾನು ಹೊರಟಿದ್ದು 2004ರ ಜುಲೈನಲ್ಲಿ. ಹೈಸ್ಕೂಲಿಗೆ ಕನ್ನಡ ಮೇಷ್ಟ್ರು ಕೆಲಸ. ಜಿಲ್ಲೆ ಆಗಿನ್ನೂ ಬಿಜಾಪುರ. ವಿಜಯಪುರ ಅಂತ ಆಗಿದ್ದು ಹತ್ತು ವರ್ಷ ಕಳೆದ ಮೇಲೆ. ಮದ್ದೂರಿನ ಗೆಳೆಯನೊಬ್ಬ ಬಸ್ಸು ಹತ್ತಿಸಲು ಬಂದವನು ದಾರಿಗಿರಲಿ ಅಂತ ಒಂದು ಕ್ರೈಮ್ ವಾರಪತ್ರಿಕೆ ಕೈಗಿತ್ತ. ಮುಖಪುಟದ ತುಂಬ ‘ಭೀಮಾತೀರದ ಹಂತಕರು’. ಅವ್ವ ಅದನ್ನು ಓದಲಾರಳು, ಚಿತ್ರ ನೋಡಿಯೇ ಮಾದಪ್ಪನಿಗೆ ಹರಕೆ ಕಟ್ಟಿದಳು. ರಾತ್ರಿಯಿಡೀ ಆ ಪತ್ರಿಕೆ ನನ್ನ ತೊಡೆಯ ಮೇಲಿತ್ತು. ಬೆಳಗ್ಗೆ ಬಿಜಾಪುರದಲ್ಲಿ ಇಳಿದರೆ ಗೋಳಗುಮ್ಮಟ ಎದುರಿಗೇ ನಿಂತಿದೆ, ನೋಡುವ ಮನಸ್ಸಿಲ್ಲ. ಇನ್ನೊಂದು ಬಸ್ಸು ಹಿಡಿದು ಇಂಡಿಗೆ ಹೋದೆ.

ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ಕಾಯಿನ್ ಬೂತು. ಆಳೆತ್ತರದ ಮನುಷ್ಯ, ಹುರಿಮೀಸೆ, ತಲೆಗೆ ಸುತ್ತಿದ ಟವೆಲ್ಲು, ರಿಸೀವರಿಗೆ ಬಾಯಿಟ್ಟು ಊರಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದ:

‘ಹೂಂ ರೀ ಸರ, ಬಸ್‌ಸ್ಟ್ಯಾಂಡಿನ್ಯಾಗೇ ಅದೀನ್ರಿ. ಆದ್ರ ಖೂನ ಹೆಂಗ ಹಿಡೀಲ್ರಿ? ಕನ್ನಡಕ ಹಾಕ್ಯಾನ ಅಂದ್ರಿ? ಕರೀ ಸೂಟಕೇಸ? ಆತ್ರಿ ಆತ್ರಿ. ಖೂನ ಹಿಡದು ಕರ್ಕೊಂಡೇ ಬರ್ತೀನಿ, ಬಿಡೂದಿಲ್ಲ.’

ಕನ್ನಡಕ ನನ್ನದು. ಕರೀ ಸೂಟ್‌ಕೇಸೂ ನನ್ನದೇ. ಖೂನ ಮಾತ್ರ ನನಗೆ ಗೊತ್ತಿದ್ದ ಒಂದೇ ಅರ್ಥದಲ್ಲಿ ಕಿವಿಗೆ ಬಿತ್ತು. ನಗಬೇಡ, ನಿನಗೂ ಹಾಗೇ ಬೀಳುತ್ತಿತ್ತು. ನಾನು ಮಾಡಿದ ಮೊದಲ ಕೆಲಸ ಕನ್ನಡಕ ತೆಗೆದು ಜೇಬಿಗೆ ಹಾಕಿದ್ದು. ಎರಡನೆಯದು, ಕನ್ನಡಕವಿಲ್ಲದೆ ಓಡಿದ್ದು. ನಾಲ್ಕು ಹೆಜ್ಜೆಗೇ ಯಾವುದಕ್ಕೋ ಕಾಲು ತಾಗಿ ಬುಟ್ಟಿಯೊಂದು ಮಗುಚಿತು. ಸುತ್ತ ಹಳದಿ ಹಳದಿ ಏನೋ ಉರುಳಿದ ಹಾಗೆ ಕಂಡಿತು, ವಾಸನೆಯಿಂದ ಲಿಂಬೆ ಅಂತ ತಿಳಿಯಿತು. ಇಂಡಿ ಸೀಮೆಯ ಲಿಂಬೆಗೆ ಈಗ ಜಿಐ ಮುದ್ರೆಯೇ ಸಿಕ್ಕಿದೆ; ನನ್ನ ಕಾಲಡಿ ಅವತ್ತು ನೂರಾದರೂ ಹಣ್ಣು ಬಿದ್ದಿದ್ದವು. ಬುಟ್ಟಿಯ ಹೆಂಗಸು ಬಯ್ಯುತ್ತಾಳೆ ಅಂದುಕೊಂಡರೆ, ‘ಕಣ್ಣ ಕಾಣವಲ್ವೇನೋ ತಮ್ಮಾ? ಪೆಟ್ಟಾತೇನು?’ ಅಂದಳು. ಕೂತು ಹೆಕ್ಕತೊಡಗಿದೆ. ಪಕ್ಕದಲ್ಲಿ ಇನ್ನೆರಡು ದೊಡ್ಡ ಕೈಗಳೂ ಹೆಕ್ಕುತ್ತಿದ್ದವು.

‘ಮಂಡ್ಯಾದಿಂದ ಬಂದ ಕನ್ನಡ ಮಾಸ್ತರ ನೀವೇ ಏನ್ರಿ? ಕನ್ನಡಕ ಎಲ್ಲದರೀ ಮತ್ತ? ಖೂನನ ಸಿಗಲಿಲ್ಲ ನೋಡ್ರಿ.’

ಹುರಿಮೀಸೆ ನಮ್ಮ ಶಾಲೆಯ ಜವಾನ. ಖೂನ ಅಂದರೆ ಗುರುತು. ಆ ಕಡೆ ಮರಾಠಿಯ ಒಡನಾಟದಲ್ಲಿ ಬಂದು ಬೇರೂರಿದ ಮಾತು. ಪರಿಚಯದವರು ಎದುರಾದರೆ ‘ಖೂನ ಸಿಗಲಿಲ್ಲೇನು?’ ಅಂತಲೇ ಕೇಳುತ್ತಾರೆ. ಕನ್ನಡ ಎಂ.ಎ. ಮಾಡಿದವನಿಗೆ ಇಷ್ಟು ಗೊತ್ತಿರಲಿಲ್ಲ.

ಅವನು ನನ್ನನ್ನು ಇಳಿಸಿದ್ದು ಒಬ್ಬ ಆಯಿಯ ಮನೆಯಲ್ಲಿ. ಆ ಕಡೆ ಅಜ್ಜಿಯನ್ನು ಆಯಿ ಅನ್ನುತ್ತಾರೆ. ಹೊರಗಿನ ಕೋಣೆ ನನಗೆ ಬಾಡಿಗೆಗೆ. ಆಯಿ ಹೆಸರು ಕೇಳಲಿಲ್ಲ, ಜಾತಿ ಕೇಳಲಿಲ್ಲ, ‘ಒಲಿ ಮುಂದ ಬಾ’ ಅಂದಳು. ಬಿಸಿನೀರಲ್ಲಿ ಕಲಸಿದ ಜೋಳದ ಹಿಟ್ಟಿನ ಉಂಡೆ ಅವಳ ಅಂಗೈ ಕೆಳಗೆ ತಿರುಗುತ್ತಾ ತಿರುಗುತ್ತಾ ಅಗಲವಾಗುತ್ತಿತ್ತು. ಬಡಿತದ ಸಪ್ಪಳ ಒಮ್ಮೆಯೂ ತಾಳ ತಪ್ಪಲಿಲ್ಲ. ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಸವರಿ, ನೀರು ಆರುತ್ತಲೇ ಬರಿಗೈಯಲ್ಲಿ ತಿರುವಿ, ಕೊನೆಗೆ ಒಲೆಯ ಬಾಯಿಗೆ ಒರಗಿಸಿ ಇಟ್ಟಳು. ರೊಟ್ಟಿ ಉಬ್ಬಿ ಕೂತಿತು. ಶೇಂಗಾ ಹಿಂಡಿ, ಪುಂಡಿಪಲ್ಯ, ಕೆನೆಮೊಸರು. ಮೂರನೇ ರೊಟ್ಟಿಗೆ ಧೈರ್ಯ ಬಂದು ಬಸ್‌ಸ್ಟ್ಯಾಂಡಿನ ಕತೆ ಬಾಯಿಬಿಟ್ಟೆ. ಆಯಿಗೆ ನಕ್ಕು ನಕ್ಕು ಕೆಮ್ಮು ಹತ್ತಿತು. ಬೆಳಗಾಗುವುದರೊಳಗೆ ಊರಿಗೆಲ್ಲ ಗೊತ್ತು. ಮುಂದೆ ಹುಡುಗರು ನನ್ನ ಬೆನ್ನ ಹಿಂದೆ ‘ಖೂನಿ ಮಾಸ್ತರ’ ಅನ್ನುತ್ತಿದ್ದರು. ಹನ್ನೊಂದು ವರ್ಷ ಆ ಹೆಸರು ಬಿಡಲಿಲ್ಲ.

ಆದರೆ ಅಂಜಿದ್ದು ನಾನೊಬ್ಬನೇ ಅಲ್ಲ. ಆಯಿಯ ಮಗ ತಿಂಗಳಾದ ಮೇಲೆ ಹೇಳಿದ: ‘ನಿಮಗ ಖೋಲಿ ಕೊಡಾಕ ನಾವೂ ಅನುಮಾನ ಮಾಡಿದ್ವಿರಿ. ಮಂಡ್ಯಾದವ್ರಂದ್ರ ಬಸ್ಸಿಗೆ ಕಲ್ಲ ಒಗಿಯೂ ಮಂದಿ ಅಂತ ಟೀವ್ಯಾಗ ನೋಡಿದ್ವಿ.’ 2002ರ ಕಾವೇರಿ ಗಲಾಟೆ ಅವನ ಕಣ್ಣಲ್ಲಿ ಇನ್ನೂ ಹಸಿಯಾಗಿತ್ತು. ಆಯಿಯ ಚಿಂತೆ ಬೇರೆ. ‘ನೀವು ಮುದ್ದಿ ಅಗಿಯೂದೇ ಇಲ್ಲಂತಲ್ಲೋ, ಹಂಗೇ ನುಂಗತೀರಂತ. ಹೊಟ್ಟಿ ನೋಯೂದಿಲ್ಲೇನು?’

ಕೊಲೆಗಳು ಸುಳ್ಳಲ್ಲ. ಕೆಲವು ಮನೆತನಗಳ ನಡುವಿನ ಹಗೆ, ನಾಡಪಿಸ್ತೂಲು, ಎಲ್ಲ ಇತ್ತು. ಆ ಮಾತು ಬಂದರೆ ಊರವರೂ ದನಿ ತಗ್ಗಿಸುತ್ತಿದ್ದರು. ಆದರೆ ನಾಲ್ಕು ಮನೆಯ ಹಗೆಗೆ ಒಂದು ಇಡೀ ನದಿಯ ಹೆಸರು ಕಟ್ಟಿದ್ದನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. 2012ರಲ್ಲಿ ‘ಭೀಮಾ ತೀರದಲ್ಲಿ’ ಸಿನಿಮಾ ಬಂದಾಗ ಮದ್ದೂರಿನ ಅದೇ ಗೆಳೆಯ ಫೋನ್ ಮಾಡಿ, ‘ಏನಯ್ಯಾ, ಇನ್ನೂ ಬದುಕಿದ್ದೀಯಾ?’ ಅಂದ. ಕೊಟ್ಟಿಗೆಯಲ್ಲಿ ಆಯಿ ಎಮ್ಮೆಗೆ ಬಯ್ಯುವುದು ಅವನಿಗೆ ಕೇಳಲಿ ಅಂತ ಫೋನನ್ನು ಆ ಕಡೆ ಹಿಡಿದೆ.

ನನಗೆ ನಿಜವಾಗಿ ನಾಚಿಕೆಯಾಗಿದ್ದು ಹಲಸಂಗಿಯಲ್ಲಿ. ಒಂದು ಭಾನುವಾರ ಸೈಕಲ್ ಹತ್ತಿ ಹೊರಟವನು ಊರಿನ ಬೋರ್ಡು ಕಂಡು ಇಳಿದುಬಿಟ್ಟೆ. ಹಲಸಂಗಿ! ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ರೇವಪ್ಪ ಕಾಪಸೆ. ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಹಾಡಿಕೊಳ್ಳುತ್ತಿದ್ದ ಪದಗಳನ್ನು ಕೂಡಿಸಿ ಈ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದರು. ಮೈಸೂರಿನಲ್ಲಿ ಆ ಪುಸ್ತಕದ ಮೇಲೆ ಪರೀಕ್ಷೆ ಬರೆದವನು ನಾನು. ಒಳ್ಳೆಯ ಅಂಕವೇ ಬಂದಿತ್ತು. ಆದರೂ ಆ ಹಾಡು ಹುಟ್ಟಿದ ನೆಲವೂ ವಾರಪತ್ರಿಕೆಯ ಭೀಮಾತೀರವೂ ಒಂದೇ ಅಂತ ಒಮ್ಮೆಯೂ ತಲೆಗೆ ಹೋಗಿರಲಿಲ್ಲ. ಮನೆಗೆ ಬಂದು ಆಯಿಯನ್ನು ಹಾಡು ಅಂದರೆ, ‘ಗಿರಣಿ ಬಂದ ಮ್ಯಾಲ ಎಲ್ಲೀ ಹಾಡೋ, ಸುಮ್ನ ಉಣ್ಣು’ ಅಂದಳು. ಮೂಲೆಯ ಬೀಸುಕಲ್ಲಿನ ಮೇಲೆ ಬೆಕ್ಕು ಮಲಗಿತ್ತು. ಆದರೆ ರೊಟ್ಟಿ ಬಡಿಯುವಾಗ, ನಾನು ಕೇಳುತ್ತಿಲ್ಲ ಅಂದುಕೊಂಡಾಗ, ಅವಳ ಬಾಯಲ್ಲಿ ಏನೋ ಒಂದು ಆಡುತ್ತಿತ್ತು. ಗೋಡೆಯ ಈಚೆ ಕೂತು ನಾನು ಕಾಪಿ ತಿದ್ದುವ ನಾಟಕ ಮಾಡುತ್ತಿದ್ದೆ.

2015ರಲ್ಲಿ ಮಂಡ್ಯಕ್ಕೆ ವರ್ಗವಾಯಿತು. ಹೋದ ವರ್ಷ ಒಂದು ಮದುವೆಯ ನೆವದಲ್ಲಿ ಆ ಕಡೆ ಹೋಗಿ ಬಂದೆ. ಆಯಿಗೆ ಎರಡೂ ಕಣ್ಣು ಮಂಜಾಗಿವೆ. ಅದೇ ಒಲೆ, ಈಗ ಸೊಸೆ ಬಡಿಯುತ್ತಾಳೆ. ಬಾಗಿಲಲ್ಲಿ ನಿಂತು, ಬೇಕಂತಲೇ, ‘ಖೂನ ಸಿಗಲಿಲ್ಲೇನ ಆಯಿ?’ ಅಂದೆ. ಕೈ ಚಾಚಿ ಕರೆದಳು, ನನ್ನ ಮುಖ ಸವರಿದಳು, ಕನ್ನಡಕ ತಡವಿದಳು. ಬಹಳ ಹೊತ್ತು ಯೋಚಿಸಿದಳು.

‘ಇಲ್ಲಪ್ಪಾ, ಖೂನ ಸಿಗಲಿಲ್ಲ. ಇರ್ಲಿ ತಗೋ. ಕೈಕಾಲ ತೊಳಕೋ, ರೊಟ್ಟಿ ಬಿಸಿ ಅದಾವ.’