ಖಾನಾವಳಿ ಎಂಬ ಪದ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳಲ್ಲಿ ಓದಿದವರಿಗೆ ‘ಖಾನಾವಳಿ’ಯನ್ನು ಪರಿಚಯಿಸಬೇಕಾಗಿಲ್ಲ. ಈ ಪದ ಮರಾಠಿಯ ‘ಖಾಣಾವಳ’ದಿಂದ ಬಂದುದು. ಆ ಭಾಷೆಯಲ್ಲಿ ‘ಧುಣಾವಳ’ವೆಂದರೆ ಬಟ್ಟೆ ಒಗೆದ ಕೂಲಿ, ‘ಘಡಣಾವಳ’ವೆಂದರೆ ಒಡವೆ ಮಾಡಿದ ಕೂಲಿ. ಖಾಣಾವಳವೂ ಅದೇ ಸಾಲಿನದು. ತಿನ್ನುವುದರೊಡನೆ ದುಡ್ಡಿನ ಲೆಕ್ಕವೂ ಅದರೊಳಗಿದೆ.

ಇಟಲಿಯಲ್ಲಿ ಇಂಥ ಸಣ್ಣ ಊಟದ ಮನೆಗೆ ‘ತ್ರತ್ತೋರಿಯಾ’ ಎನ್ನುತ್ತಾರೆ. ಅದರ ಮೂಲ ‘ತ್ರತ್ತಾರೆ’, ಅಂದರೆ ಉಪಚರಿಸುವುದು.

ಆದರೆ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ತಂದ ರೈತನಿಗೂ, ತಿಂಗಳ ಲೆಕ್ಕದಲ್ಲಿ ಉಣ್ಣುತ್ತಿದ್ದ ಹಳ್ಳಿಯ ವಿದ್ಯಾರ್ಥಿಗೂ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿ, ‘ಇನ್ನೊಂದು ರೊಟ್ಟಿ ಹಾಕ್ಲೇನ್ರಿ?’ ಎಂದು ಕೇಳುತ್ತಿದ್ದುದು ಉಪಚಾರವಲ್ಲದೆ ಮತ್ತೇನು? ಫಲಕದ ಮೇಲೆ ‘ಹೋಟೆಲ್’ ಎಂದು ಬರೆಯಿಸುವ ಆಸೆಯಲ್ಲಿ ಈ ಪದವನ್ನು ಕಳೆದುಕೊಳ್ಳಬಾರದು. ನಿಮ್ಮ ಮಕ್ಕಳಿಗೆ ಅದರ ಅರ್ಥ ಹೇಳಿರಿ. ಊರಿಗೆ ಬಂದಾಗ ಕರೆದೊಯ್ದು ಉಣಿಸಿರಿ.