ಮಡಿಕೆ ತಪ್ಪಿದಾಗ

ಸಹೋದರಿಯರೇ, ನಿಮ್ಮ ಮನೆಯ ಹಿರಿಯರೂ ಕನ್ನಡಕ ಎಲ್ಲಿಟ್ಟೆನೆಂದು ದಿನಕ್ಕೆ ಹತ್ತು ಬಾರಿ ಕೇಳುತ್ತಿರಬಹುದು. ಅದು ಬೇರೆ ಮಾತು. ನನ್ನ ಉಮ್ಮ ಒಂದು ದಿನ ಉಂಡು ಕೈ ತೊಳೆದು ಬಂದವರು, "ಇವತ್ತು ನನಗೆ ಯಾರೂ ಊಟವನ್ನೇ ಕೊಟ್ಟಿಲ್ಲ" ಎಂದು ನೆರೆಮನೆಯಾಕೆಯ ಮುಂದೆ ಅತ್ತುಬಿಟ್ಟರು. ಆಕೆ ಹೋದ ಮೇಲೆ ನಾನು ಬಾಯಿಗೆ ಬಂದಂತೆ ಗದರಿಸಿದೆ.

ಕೆಲವು ತಿಂಗಳ ನಂತರ ವೈದ್ಯರು ಅಲ್ಝೈಮರ್ ಎಂದರು.

ಪ್ರೋಟೀನು ಎಂದರೆ ಬೇಳೆ, ಮೊಟ್ಟೆ ಎಂದಷ್ಟೇ ತಿಳಿದಿದ್ದೆ. ನಿಜದಲ್ಲಿ ಅದು 20 ಬಗೆಯ ಅಮೈನೋ ಆಮ್ಲಗಳ ಮಣಿಗಳನ್ನು ಪೋಣಿಸಿದ ಸರ. ಆ ಸರ ಸರಿಯಾಗಿ ಮಡಚಿಕೊಂಡರೆ ಮಾತ್ರ ಕೆಲಸಕ್ಕೆ ಬರುತ್ತದೆ. ಮಡಿಕೆ ತಪ್ಪಿದ್ದನ್ನು ಜೀವಕೋಶ ತಿದ್ದುತ್ತದೆ, ಇಲ್ಲವೇ ಒಡೆದು ಹಾಕುತ್ತದೆ. ವಯಸ್ಸಾದಂತೆ ಈ ಶುಚಿಕೆಲಸ ಸೋಲುತ್ತದೆ. ಆಗ ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನು ಚೂರುಗಳು ನರಕೋಶಗಳ ಹೊರಗೆ ಅಂಟಂಟಾಗಿ ಗಡ್ಡೆ ಕಟ್ಟುತ್ತವೆ. ಒಳಗೆ ಟಾವ್ ಎಂಬ ಇನ್ನೊಂದು ಪ್ರೋಟೀನು ಸಿಕ್ಕಾಗುತ್ತದೆ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ ತೀರಿಹೋದ ಆಗುಸ್ಟೆ ಎಂಬ ಮಹಿಳೆಯ ಮೆದುಳಿನಲ್ಲಿ ಕಂಡದ್ದು ಇದನ್ನೇ. ಆಕೆ ವಸ್ತುಗಳನ್ನು ಬಚ್ಚಿಡುತ್ತಿದ್ದಳಂತೆ. ಉಮ್ಮನ ದಿಂಬಿನಡಿ ಸಿಕ್ಕ ಚಮಚಗಳು ನೆನಪಾದವು.

ಮರೆವು ಕಾಣಿಸುವ 15-20 ವರ್ಷ ಮೊದಲೇ ಇದು ಶುರುವಾಗಿರುತ್ತದಂತೆ. ಅಂದರೆ ನನ್ನ ಮದುವೆಯ ಬಿರಿಯಾನಿಯ ಅಕ್ಕಿ-ಮಾಂಸದ ಲೆಕ್ಕವನ್ನು ಉಮ್ಮ ಬಾಯಲ್ಲೇ ಹೇಳುತ್ತಿದ್ದಾಗಲೇ! 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕಾನೆಮ್ಯಾಬ್ ಔಷಧ ಆರಂಭದ ಹಂತದವರಲ್ಲಿ ರೋಗವನ್ನು ತುಸು ನಿಧಾನಗೊಳಿಸುತ್ತದೆ, ಗುಣಪಡಿಸುವುದಿಲ್ಲ. ಉಮ್ಮ ಆ ಹಂತ ದಾಟಿದ್ದಾರೆ.

ಕ್ಷಮೆ ಕೇಳಲು ಹೋದರೆ ಅವರಿಗೆ ಆ ದಿನವೇ ನೆನಪಿಲ್ಲ. ಈಗ ಊಟ ಕೊಟ್ಟಿಲ್ಲವೆಂದರೆ ವಾದಿಸದೆ ಬಟ್ಟಲಲ್ಲಿ ಎರಡು ತುತ್ತು ಗಂಜಿ ತರುತ್ತೇನೆ. ಮೊನ್ನೆ ಅದನ್ನುಂಡು, "ನೀನು ಯಾರ ಮಗಳಮ್ಮಾ?" ಎಂದು ಕೇಳಿದರು. ಅವರ ಹೆಸರನ್ನೇ ಹೇಳಿದೆ.