ಅಂಚಿನಲ್ಲಿದ್ದ ಹೆಸರುಗಳು

ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರೊಬ್ಬರ ನೋಟ್‌ಬುಕ್ಕುಗಳನ್ನು ನಾನು ಹಾಳು ಮಾಡಿದೆ. ಕಳೆದುಹಾಕಿದ್ದರೆ ಅಜಾಗರೂಕತೆ ಎನ್ನಬಹುದಿತ್ತು. ನಾನು ಅವನ್ನು ಇಸಿದುಕೊಂಡಿದ್ದೇ ಪುಸ್ತಕ ಮಾಡುತ್ತೇನೆಂದು. ಪುಸ್ತಕವನ್ನು ಮಾಡಿಯೂ ಮಾಡಿದೆ. ಹಾಳಾದದ್ದು ಆ ಕೆಲಸದಲ್ಲೇ.

2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾದ ಮೇಲೆ ನಮ್ಮವರು ಯಾರು ಯಾರು ಎಂದು ಹುಡುಕುವ ಉತ್ಸಾಹ ನಮಗೆಲ್ಲ ಬಂದಿತ್ತು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಎಲ್ಲರಿಗೂ ಗೊತ್ತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು, ಓದುವ ಆಸೆಗೆ ಬೆಂಗಳೂರಿನವರೆಗೆ ನಡೆದೇ ಹೋದ ತಮ್ಮ ಕಥೆಯನ್ನು ‘ಹೋರಾಟದ ಹಾದಿ’ಯಲ್ಲಿ ತಾವೇ ಬರೆದಿಟ್ಟಿದ್ದಾರೆ. ಅದೇ ತಾಲ್ಲೂಕಿನ ಇಡಗೂರಿನಲ್ಲಿ 1919ರಲ್ಲಿ ಹುಟ್ಟಿದ ಎಲ್. ಬಸವರಾಜು 2009ರಲ್ಲಿ ಚಿತ್ರದುರ್ಗದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ, ಅವರ ಒಂದು ಪುಸ್ತಕವನ್ನೂ ತೆರೆದು ನೋಡದವರೂ ಹೆಮ್ಮೆಪಟ್ಟರು. ಇವರಿಗೆಲ್ಲ ಪುಸ್ತಕಗಳಿವೆ, ಪುಸ್ತಕವೇ ಇಲ್ಲದವರಿಗೆ ಒಂದು ಮಾಡೋಣ ಎಂದು ನಾನು ಹೊರಟೆ. ಆ ಆಸೆ ತಪ್ಪಾಗಿತ್ತೆಂದು ಇವತ್ತಿಗೂ ಅನ್ನಿಸುವುದಿಲ್ಲ.

ಮೇಷ್ಟ್ರು ಶಿಡ್ಲಘಟ್ಟದ ಕಡೆಯವರು. ಹಗಲು ರೇಷ್ಮೆ ನೂಲು ತೆಗೆಯುವ ಕೆಲಸ, ರಾತ್ರಿ ಯಾವುದಾದರೂ ಊರಿನ ದೇವಸ್ಥಾನದ ಮುಂದೆ ನಾಟಕದ ತಾಲೀಮು. ಗುಬ್ಬಿ ವೀರಣ್ಣನವರ ಕಂಪನಿ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದು ‘ಕುರುಕ್ಷೇತ್ರ’ ಆಡಿದ್ದನ್ನು ನೋಡಿದ ಹಿರಿಯರ ಬಾಯಲ್ಲಿ ಕೇಳಿ ಬೆಳೆದವರು ಅವರು. ಆ ನಾಟಕ ಬರೆದ ಬಿ. ಪುಟ್ಟಸ್ವಾಮಯ್ಯನವರಿಗೆ ಮುಂದೆ ‘ಕ್ರಾಂತಿ ಕಲ್ಯಾಣ’ ಕಾದಂಬರಿಗಾಗಿ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಷ್ಟಾದರೂ ಇವತ್ತು ಅವರ ಹೆಸರು ಹೇಳಿದರೆ ಸಾಹಿತ್ಯದ ವಿದ್ಯಾರ್ಥಿಗಳೂ ತಡವರಿಸುತ್ತಾರೆ. ಅಂಥವರ ಗತಿಯೇ ಹೀಗಿರುವಾಗ ಊರೂರು ತಿರುಗಿ ರೈತರ ಬಾಯಲ್ಲಿ ಪದ್ಯ ಹೇಳಿಸಿದವರನ್ನು ಯಾರು ನೆನೆಯುತ್ತಾರೆ?

ನೋಟ್‌ಬುಕ್ಕುಗಳಲ್ಲಿ ಕಂದಪದ್ಯ, ಸೀಸಪದ್ಯ, ಮಾತುಗಳು, ಪ್ರತಿ ಪದ್ಯದ ಮೇಲೆ ಅದರ ಮಟ್ಟು. ನಡುನಡುವೆ ಕನ್ನಡ ಲಿಪಿಯಲ್ಲೇ ಬರೆದ ತೆಲುಗು ಪದ್ಯಗಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಸೀಮೆ ನಮ್ಮದು. ಕೈವಾರದ ತಾತಯ್ಯನವರ ಪದಗಳನ್ನು ಎರಡು ಭಾಷೆಯಲ್ಲೂ ಹಾಡುವವರು ನಾವು. ಇನ್ನು ಪುಟದ ಅಂಚಿನಲ್ಲಿ, ಮೇಲೆ ಕೆಳಗೆ, ರಟ್ಟಿನ ಒಳಮೈಯಲ್ಲಿ ಸಣ್ಣಕ್ಷರದ ಟಿಪ್ಪಣಿಗಳು. ಯಾವ ಊರು, ಯಾವ ಹಬ್ಬಕ್ಕೆ, ದುರ್ಯೋಧನನ ಪಾರ್ಟಿಗೆ ಯಾರು ಎಷ್ಟು ಕಟ್ಟಿದರು, ಸೀನರಿಯವನಿಗೆ ಮುಂಗಡ ಎಷ್ಟು, ಗೂಡು ಮಾರಿದ ಮೇಲೆ ಕೊಡುತ್ತೇನೆಂದವರು ಯಾರು. ಸ್ತ್ರೀಪಾತ್ರಕ್ಕೆ ಬೇರೆ ಊರಿನಿಂದ ಕರೆಸಿದ ಕಲಾವಿದೆಯರ ಹೆಸರು, ಅವರಿಗೆ ಕೊಟ್ಟ ಸಂಭಾವನೆ, ಬಸ್ ಚಾರ್ಜು.

ನಾನು ಪದ್ಯಗಳನ್ನು ಉಳಿಸಿಕೊಂಡೆ. ಛಂದಸ್ಸು ಕೆಟ್ಟ ಕಡೆ ತಿದ್ದಿದೆ. ತೆಲುಗು ಪದ್ಯಗಳನ್ನು ಕೈಬಿಟ್ಟೆ. ಅಂಚಿನ ಬರಹವನ್ನು ಲೆಕ್ಕಪತ್ರವೆಂದು ತಿಳಿದು ಮುಟ್ಟಲೇ ಇಲ್ಲ. ಟೈಪ್ ಮಾಡುವವರಿಗೆ ಸುಲಭವಾಗಲೆಂದು ಹೊಲಿಗೆ ಬಿಚ್ಚಿ, ಬೇಕಾದ ಪದ್ಯಗಳಿಗೆ ಕೆಂಪು ಇಂಕಿನಲ್ಲಿ ಗುರುತು ಹಾಕಿ ಹಾಳೆಗಳನ್ನು ಕೊಟ್ಟೆ. ಪುಸ್ತಕ ಬಂದ ಮೇಲೆ ಅವನ್ನು ವಾಪಸ್ ಕೇಳುವುದು ನನಗೆ ಹೊಳೆಯಲಿಲ್ಲ. ಹೊಳೆದಾಗ ಅವು ರದ್ದಿಗೆ ಹೋಗಿದ್ದವು.

ಮೇಷ್ಟ್ರು ಪುಸ್ತಕವನ್ನು ಕಣ್ಣಿಗೊತ್ತಿಕೊಂಡರು. ನಿಧಾನವಾಗಿ ಹಾಳೆ ತಿರುಗಿಸಿದರು. ಒಂದು ಪದ್ಯವನ್ನು ಹಾರ್ಮೋನಿಯಂ ಮೇಲೆ ಎತ್ತಿಕೊಂಡರು, ನಾನು ತಿದ್ದಿದ ಸಾಲು ಮಟ್ಟಿಗೆ ಕೂರಲಿಲ್ಲ. ಅದಕ್ಕೆ ಏನೂ ಅನ್ನಲಿಲ್ಲ. ಕೊನೆಯ ಪುಟದವರೆಗೂ ಹೋಗಿ ಕೇಳಿದರು: “ಸಾರ್, ಹುಡುಗರ ಹೆಸರೆಲ್ಲಿ? ಆ ಹೆಣ್ಣುಮಕ್ಕಳ ಹೆಸರೆಲ್ಲಿ?”

ನಾನು ಕಾಲೇಜಿನಲ್ಲಿ ಗ್ರಂಥಸಂಪಾದನೆ ಪಾಠ ಮಾಡುವವನು. ಬಸವರಾಜು ಅವರು ಸಂಪಾದಿಸಿದ ಶಿವಗಣಪ್ರಸಾದಿ ಮಹಾದೇವಯ್ಯನ ಶೂನ್ಯಸಂಪಾದನೆಯನ್ನು ಹಿಡಿದೇ ಪಾಠಾಂತರ ಎಂದರೇನೆಂದು ಹೇಳಿಕೊಟ್ಟವನು. ಅಲ್ಲಮನ ವಚನಗಳಿಗೂ ಶರಣರ ಹಾಡುಗಳಿಗೂ ವರ್ಷಗಟ್ಟಲೆ ಹಸ್ತಪ್ರತಿಗಳ ಮುಂದೆ ಕೂತ ವಿದ್ವಾಂಸರು ಅವರು. ಓಲೆಗರಿಯ ಕೊನೆಯಲ್ಲಿ ಪ್ರತಿಕಾರ ತನ್ನ ಹೆಸರು, ಸಂವತ್ಸರ, ಯಾರಿಗಾಗಿ ಬರೆದೆ ಎಂಬುದನ್ನೆಲ್ಲ ಗೀಚಿರುತ್ತಾನೆ. ಸಂಪಾದಕರು ಅದನ್ನು ಅಕ್ಷರ ಬಿಡದೆ ಎತ್ತಿಕೊಂಡು ಪೀಠಿಕೆಯಲ್ಲಿ ದಾಖಲಿಸುತ್ತಾರೆ. ಎಷ್ಟೋ ಪ್ರತಿಗಳ ಕಾಲವೂ ಊರೂ ಗೊತ್ತಾಗುವುದು ಹಾಗೆಯೇ. ಅದು ಪರೀಕ್ಷೆಗೆ ಬರುವ ಪ್ರಶ್ನೆ ಎಂದು ನಾನೇ ಹೇಳುತ್ತಿದ್ದೆ. ಓಲೆಗರಿಯಾಗಿದ್ದರೆ ನನ್ನ ಕೈ ನಡುಗುತ್ತಿತ್ತು. ಅಂಗಡಿಯ ರೂಲು ಹಾಕಿದ ನೋಟ್‌ಬುಕ್ಕಾಗಿದ್ದರಿಂದ ನಡುಗಲಿಲ್ಲ. ನನಗೆ ವಿದ್ಯೆ ಇತ್ತು, ಆ ಬರಹದ ಮೇಲೆ ಗೌರವವಿರಲಿಲ್ಲ. ನಿಜ ಇಷ್ಟೇ.

‘ಕುರುಕ್ಷೇತ್ರ’ದ ಪದ್ಯಗಳಾದರೂ ಬೇರೆ ಮೇಷ್ಟ್ರುಗಳ ಹತ್ತಿರ, ಅಚ್ಚಾದ ನಾಟಕಗಳಲ್ಲಿ ಸಿಗುತ್ತವೆ. ಒಂದು ರಾತ್ರಿ ದ್ರೌಪದಿ, ಮರುರಾತ್ರಿ ಇನ್ನೊಂದೂರಿನಲ್ಲಿ ಉತ್ತರೆ, ಬೆಳಗಿನ ಮೊದಲ ಬಸ್ಸಿಗೆ ಬಣ್ಣವನ್ನು ಅರ್ಧ ಒರೆಸಿಕೊಂಡು ಹೊರಡುತ್ತಿದ್ದ ಆ ಹೆಂಗಸರ ವೃತ್ತಿಜೀವನ ಮಾತ್ರ ಆ ಅಂಚುಗಳನ್ನು ಬಿಟ್ಟು ನನಗೆ ಬೇರೆಲ್ಲೂ ಕಂಡಿಲ್ಲ. ಊರವರನ್ನು ಕೇಳಿದರೆ ದನಿ ನೆನಪಿದೆ, ಅಳಿಸಿದ್ದು ನೆನಪಿದೆ, “ದ್ರೌಪದಿ ಮಾಡಿದ್ದೋರು” ಎನ್ನುತ್ತಾರೆ. ಹೆಸರು ಗೊತ್ತಿಲ್ಲ. ನರಸಿಂಹಯ್ಯನವರು ತಮ್ಮ ದಾರಿಯನ್ನು ತಾವೇ ಬರೆದುಕೊಳ್ಳಬಲ್ಲವರಾಗಿದ್ದರು. ಇವರ ಪರವಾಗಿ ಬರೆದಿಟ್ಟವರು ಮೇಷ್ಟ್ರೊಬ್ಬರೇ, ಅದೂ ಲೆಕ್ಕ ತಪ್ಪದಿರಲೆಂದು.

ಮೇಷ್ಟ್ರು ನನ್ನನ್ನು ಬಯ್ಯಲಿಲ್ಲ, ಬರಬೇಡ ಎನ್ನಲೂ ಇಲ್ಲ. ಈಗ ಅವರು ನೆನಪಿನಿಂದ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಮಟ್ಟುಗಳು ಒಂದೂ ತಪ್ಪಿಲ್ಲ. ತೆಲುಗು ಪದ್ಯಗಳು ಬಹುಪಾಲು ಸಿಕ್ಕಿವೆ. ಹೆಸರುಗಳೇ ಕಷ್ಟ. ಅದಕ್ಕಾಗಿ ಹಳೆಯ ನಾಟಕದ ಕರಪತ್ರಗಳನ್ನು ಹುಡುಕುತ್ತಿದ್ದೇನೆ. ಗುಲಾಬಿ, ಹಳದಿ ಹಾಳೆಯ ಮೇಲೆ ಪಾತ್ರವರ್ಗವನ್ನೆಲ್ಲ ಅಚ್ಚು ಹಾಕಿಸುವ ಪದ್ಧತಿ ಇನ್ನೂ ಇದೆ. ಹಳೆಯವು ಟ್ರಂಕಿನ ತಳದಲ್ಲಿ, ದೇವರ ಪಟದ ಹಿಂದೆ ಸಿಗುತ್ತವೆ.

ಚಿಂತಾಮಣಿಯ ಕಡೆಯ ಮನೆಯೊಂದರಲ್ಲಿ ಸಿಕ್ಕ ಕರಪತ್ರದಲ್ಲಿ ಕಲಾವಿದೆಯೊಬ್ಬರ ಹೆಸರು ಕಂಡಿತು. ಓದಿ ಹೇಳಿದೊಡನೆ ಮೇಷ್ಟ್ರಿಗೆ ಅವರ ಊರು, ಅವರ ತಾಯಿಯೂ ಪಾರ್ಟು ಮಾಡುತ್ತಿದ್ದದ್ದು, ಯಾವ ಪದ್ಯಕ್ಕೆ ಜನ ಒನ್ಸ್‌ಮೋರ್ ಕೂಗುತ್ತಿದ್ದರು ಎನ್ನುವುದೆಲ್ಲ ನೆನಪಾಯಿತು. ಒಂದು ವಿಷಯದಲ್ಲಿ ಮಾತ್ರ ಹೊಂದುವುದಿಲ್ಲ. ಅವತ್ತು ಅವರು ಮಾಡಿದ್ದು ಸುಭದ್ರೆ ಎಂದು ಕರಪತ್ರದಲ್ಲಿದೆ. ದ್ರೌಪದಿಯೇ, ಸುಭದ್ರೆ ಆಗಬೇಕಿದ್ದವರು ಬಸ್ಸು ತಪ್ಪಿಸಿಕೊಂಡು ಎಲ್ಲ ಅದಲುಬದಲಾಯಿತು ಎಂದು ಮೇಷ್ಟ್ರು ಆಣೆ ಇಟ್ಟು ಹೇಳುತ್ತಾರೆ. ಎರಡನ್ನೂ ಬರೆದುಕೊಂಡಿದ್ದೇನೆ.